ನೀಲಿ ಬಳೆಯ ಇಪ್ಪತ್ತನಾಲ್ಕು ಗೂಟ

ಆ ನೀಲಿ ಬಳೆಯನ್ನು ನಾನು ಎರಡು ಸಲ ಅಂಗಳಕ್ಕೆ ಎಸೆದಿದ್ದೇನೆ. ಮೊದಲ ಸಲ ಅದು ತುಳಸಿಕಟ್ಟೆಗೆ ಬಡಿದು ಒಂದು ಗೂಟ ಸಡಿಲವಾಯಿತು. ಎರಡನೆಯ ಸಲ ಉರುಳಿಕೊಂಡು ಹೋಗಿ ಬಚ್ಚಲಿನ ನೀರು ಹರಿಯುವ ಕಣಿಗೆ ಬಿತ್ತು. ಎರಡು ಸಲವೂ ನಾನೇ ಹೋಗಿ ಹೆಕ್ಕಿದೆ, ತೊಳೆದೆ, ಸೆರಗಿನಲ್ಲಿ ಒರೆಸಿದೆ. ಎಸೆಯುವಾಗ ಇದ್ದ ಸಿಟ್ಟು ಹೆಕ್ಕುವಾಗಲೂ ಹಾಗೆಯೇ ಇತ್ತು.

ಬಳೆ ಎಂದರೆ ಕೈಗೆ ಹಾಕುವ ಬಳೆಯಲ್ಲ. ಸಣ್ಣ ಪಾತ್ರೆಯ ಬಾಯಿಯಷ್ಟು ಅಗಲದ ಒಂದು ಪ್ಲಾಸ್ಟಿಕ್ ಚಕ್ರ, ಅದರ ಮೇಲೆ ಸುತ್ತಲೂ ಇಪ್ಪತ್ತನಾಲ್ಕು ಗೂಟಗಳು, ನೂಲಿನ ತುದಿ ಕಟ್ಟಲು ಬದಿಯಲ್ಲಿ ಇನ್ನೊಂದು ಮೊಳೆಯಂಥದ್ದು. ಜೊತೆಗೆ ಹಿಡಿ ಇರುವ ಒಂದು ಕೊಕ್ಕೆ. ಗೂಟಗಳಿಗೆ ಉಲ್ಲನ್ ನೂಲು ಸುತ್ತಿ, ಕೊಕ್ಕೆಯಿಂದ ಎಬ್ಬಿಸಿ ದಾಟಿಸುತ್ತ ಹೋದರೆ ನಡುವಿನ ತೂತಿನಿಂದ ಟೊಪ್ಪಿಗೆ ಆಗುವಂಥ ಹೆಣಿಗೆ ಕೆಳಗೆ ಇಳಿಯುತ್ತ ಬರುತ್ತದೆ. ಎರಡು ಕಡ್ಡಿ ಹಿಡಿದು ಸ್ವೆಟರ್ ಹೆಣೆಯಲು ಬಾರದವರಿಗಾಗಿ ಯಾರೋ ಹುಡುಕಿದ ಸುಲಭದ ದಾರಿ ಅದು. ಅದರ ಹೆಸರು ಲೂಮ್. ಪೆಟ್ಟಿಗೆಯ ಮೇಲೆ ಏಳು ವರ್ಷ ಮೇಲ್ಪಟ್ಟವರಿಗೆ ಎಂದು ಬರೆದಿತ್ತು. ನನಗೆ ಆಗ ಐವತ್ತಾರು.

ಈ ಬಳೆ ನನ್ನ ಕೈಗೆ ಬಂದದ್ದು ಬೇಲಿಯಾಚೆಯ ಬ್ಯಾರಿ ಮುಸ್ಲಿಮರ ಮನೆಯಿಂದ. ಆ ಮನೆಯ ಹೆಂಗಸು ಮತ್ತು ನಾನು ಮಡಂತ್ಯಾರಿನ ಹತ್ತಿರದ ಈ ಊರಿಗೆ ಒಂದೆರಡು ವರ್ಷದ ಅಂತರದಲ್ಲಿ ಮದುವೆಯಾಗಿ ಬಂದವರು. ಅವಳು ನನಗಿಂತ ಸಣ್ಣವಳು, ಅಕ್ಕ ಎಂದು ಕರೆಯುತ್ತಾಳೆ. ನಮ್ಮ ಮಾತೆಲ್ಲ ತುಳುವಿನಲ್ಲಿ. ಸಿಟ್ಟು ಬಂದಾಗ ಮಾತ್ರ ಅವಳು ಬ್ಯಾರಿ ಭಾಷೆಗೆ ಜಾರುತ್ತಾಳೆ. ಅದರಲ್ಲಿಯೂ ನನಗೆ ಅರ್ಥವಾಗದ ಬೈಗುಳ ಈಗ ಉಳಿದಿಲ್ಲ.

ಮೂವತ್ತು ವರ್ಷ ನಾವು ಒಂದೇ ಜಗಲಿಯಲ್ಲಿ ಬೀಡಿ ಕಟ್ಟಿದೆವು. ಅವಳ ಮನೆಯ ಜಗಲಿಗೆ ಮಧ್ಯಾಹ್ನದ ಬಿಸಿಲು ಬರುವುದಿಲ್ಲವೆಂದು ನಾಲ್ಕೈದು ಹೆಂಗಸರು ಅಲ್ಲಿಯೇ ಸೇರುತ್ತಿದ್ದರು. ಕಾಲು ಚಾಚಿ, ಮಡಿಲಲ್ಲಿ ಎಲೆ ಮತ್ತು ಹೊಗೆಸೊಪ್ಪಿನ ಹುಡಿ ಹಾಕಿದ ತಡ್ಪೆ, ಅಂದರೆ ಮೊರ, ಇಟ್ಟುಕೊಂಡು ಕೂತರೆ ಸಂಜೆಯವರೆಗೆ ಏಳುವುದಿಲ್ಲ. ಅವರಲ್ಲಿ ಎಸ್ಸೆಸ್ಸೆಲ್ಸಿ ಓದಿದವಳು ನಾನೊಬ್ಬಳೇ. ಹಾಗಾಗಿ ವಾರಪತ್ರಿಕೆಯ ಧಾರಾವಾಹಿಯನ್ನು ಗಟ್ಟಿಯಾಗಿ ಓದಿ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಓದುವಾಗ ನನ್ನ ಕೈ ನಿಲ್ಲುತ್ತದಲ್ಲ, ಆ ಹೊತ್ತಿನ ಬೀಡಿಯನ್ನು ಉಳಿದವರು ತಲಾ ಹತ್ತು ಹದಿನೈದರಂತೆ ನನ್ನ ತಡ್ಪೆಗೆ ಹಾಕುತ್ತಿದ್ದರು. ಅವಳು ಎಲ್ಲರಿಗಿಂತ ಹೆಚ್ಚು ಹಾಕುತ್ತಿದ್ದಳು, ಔದಾರ್ಯದಿಂದಲ್ಲ. ಕಥೆಯ ಹುಡುಗಿ ಬಾವಿಕಟ್ಟೆಯ ಮೇಲೆ ನಿಂತಿರುವಾಗ ನಾನು ಎಲೆ ಕತ್ತರಿಸಲು ಓದು ನಿಲ್ಲಿಸಿದರೆ ಅವಳಿಗೆ ತಡೆಯುತ್ತಿರಲಿಲ್ಲ. ನನಗೆ ಇವತ್ತು ಹೀಗೆ ನಾಲ್ಕು ಸಾಲು ಬರೆಯಲು ಬರುವುದಿದ್ದರೆ ಅದು ಆ ಜಗಲಿಯ ಓದಿನಿಂದ ಬಂದದ್ದು.

ಅವಳ ಕೈಯ ವೇಗ ನಮ್ಮಲ್ಲಿ ಯಾರಿಗೂ ಇರಲಿಲ್ಲ. ವೇಗಕ್ಕಿಂತಲೂ ಅದರ ಬಿಗಿ ದೊಡ್ಡದು. ಸುರುಳಿ ಸುತ್ತಿದ ಬೀಡಿಗೆ ನೂಲನ್ನು ಎರಡು ಸುತ್ತು ಹಾಕಿ ಕೊನೆಗೆ ಒಂದು ಎಳೆತ ಎಳೆಯಬೇಕು. ಆ ಎಳೆತದಲ್ಲಿಯೇ ಎಲ್ಲ ಇರುವುದು. ಬೀಡಿ ಒಪ್ಪಿಸುವ ಬ್ರಾಂಚಿನಲ್ಲಿ ಕಟ್ಟನ್ನು ಒತ್ತಿ ನೋಡುವವರಿಗೆ ಸಡಿಲ ಕಂಡರೆ ಅಲ್ಲಿಯೇ ಒಡೆದು ಬಿಸಾಡುತ್ತಿದ್ದರು. ನನ್ನ ಬೀಡಿ ಹಾಗೆ ಒಡೆದದ್ದು ಎಷ್ಟೋ ಸಲ. ಅವಳ ಕಟ್ಟಿನಿಂದ ಒಂದೂ ಹೋದದ್ದನ್ನು ನಾನು ನೋಡಿಲ್ಲ.

ಮೊದಲು ಕೆಲಸ ಬಿಟ್ಟವಳು ನಾನು. ಕೆಮ್ಮು ಜೋರಾಗಿ, ಹುಡಿಯ ಹತ್ತಿರ ಕೂರಲೇಬಾರದು ಎಂದು ಡಾಕ್ಟರು ಹೇಳಿದರು. ಅದಾಗಿ ವರ್ಷ ಕಳೆಯುವ ಮೊದಲು ಒಂದು ಬೆಳಿಗ್ಗೆ ಅವಳು ಹಿತ್ತಿಲಿನಲ್ಲಿ ಬಟ್ಟೆ ಹಿಂಡುತ್ತಿದ್ದವಳು ಹಾಗೆಯೇ ಬಲಕ್ಕೆ ವಾಲಿ ಕೂತುಬಿಟ್ಟಳು. ಲಕ್ವ. ಬೇಗ ಆಸ್ಪತ್ರೆಗೆ ಒಯ್ದದ್ದರಿಂದ ಜೀವ ಉಳಿಯಿತು, ಬಾಯಿ ನೆಟ್ಟಗಾಯಿತು, ತಿಂಗಳೊಳಗೆ ನಡೆಯತೊಡಗಿದಳು. ಬಲಗೈ ಮಾತ್ರ ಹಿಂದೆ ಬರಲಿಲ್ಲ. ಬೆರಳುಗಳು ಅಲ್ಲಾಡುತ್ತಿದ್ದವು, ಬಲ ಇರಲಿಲ್ಲ. ಲೋಟ ಹಿಡಿದರೆ ಜಾರುತ್ತಿತ್ತು.

ಬೆಳ್ತಂಗಡಿಯಲ್ಲಿ ವ್ಯಾಯಾಮ ಮಾಡಿಸುವ ಒಬ್ಬರು ಫಿಸಿಯೋ ಇದ್ದರು. ಪ್ರತಿ ಗುರುವಾರ ಅವಳನ್ನು ಬಸ್ಸಿನಲ್ಲಿ ಅಲ್ಲಿಗೆ ಕರೆದುಕೊಂಡು ಹೋಗುವುದು ನನ್ನ ಕೆಲಸವಾಯಿತು. ಅವಳ ಸೊಸೆಗೆ ಸಣ್ಣ ಮಗು, ಮಗನಿಗೆ ಅಂಗಡಿ. ಫಿಸಿಯೋ ಮೊದಲ ದಿನವೇ ಸ್ಪಷ್ಟವಾಗಿ ಹೇಳಿದರು. ಬೆರಳಿಗೆ ಬಲ ಬರುವುದಿದ್ದರೆ ಹೆಚ್ಚಾಗಿ ಮೊದಲ ಆರು ತಿಂಗಳೊಳಗೆ ಬರುತ್ತದೆ, ಆಮೇಲೆ ಕಷ್ಟ, ಮನೆಯಲ್ಲಿ ದಿನಾ ಕೆಲಸ ಕೊಡಬೇಕು. ಹಿಚುಕಲು ಒಂದು ಹಳದಿ ರಬ್ಬರಿನ ಚೆಂಡು ಕೊಟ್ಟರು. ಮುಂದಿನ ವಾರ ನಾನು ನೋಡುವಾಗ ಆ ಚೆಂಡು ಅವಳ ಮೊಮ್ಮಗನ ಬಾಯಿಯಲ್ಲಿತ್ತು.

ದಿನಕ್ಕೆ ಸಾವಿರ ಬೀಡಿ ಕಟ್ಟಿದ ಕೈಗೆ ಚೆಂಡು ಹಿಚುಕು ಎಂದರೆ ಅವಮಾನವಾಗಿತ್ತೋ ಏನೋ. ಆದರೆ ಅವಳನ್ನು ನಿಜವಾಗಿ ತಿನ್ನುತ್ತಿದ್ದದ್ದು ಊಟ. ಬಲಗೈಯಲ್ಲಿ ಅನ್ನ ಕಲಸಲು ಆಗುವುದಿಲ್ಲ. ಎಡಗೈಯಲ್ಲಿ ಉಣ್ಣುವುದನ್ನು ಅವಳ ಮನಸ್ಸು ಒಪ್ಪುವುದಿಲ್ಲ. ಚಮಚ ಕೊಟ್ಟರೆ, ಅದೂ ಎಡಗೈಯೇ ಅಲ್ಲವೇ ಎಂದು ಬಾಗಿಲು ಹಾಕಿಕೊಂಡು ಒಬ್ಬಳೇ ತಿನ್ನುತ್ತಿದ್ದಳು. ಮದುವೆಮನೆಗಳಿಗೆ ಹೋಗುವುದನ್ನು ಬಿಟ್ಟಳು. ಬೆಳ್ತಂಗಡಿಯಿಂದ ಬರುವಾಗ ಹಸಿವಾದರೂ ಹೋಟೆಲಿಗೆ ಕಾಲಿಡುತ್ತಿರಲಿಲ್ಲ. ಎಲ್ಲರ ಮಧ್ಯೆ ಕೂತು ನಗಿಸುತ್ತ ಉಣ್ಣುತ್ತಿದ್ದ ಹೆಂಗಸು ಹೀಗಾಗಿದ್ದಳು.

ಅಷ್ಟರಲ್ಲಿ ಗಲ್ಫಿನಲ್ಲಿರುವ ಅವಳ ಮಗಳು ತಾಯಿಯನ್ನು ನೋಡಲು ಬಂದು ಹದಿನೈದು ದಿನ ಇದ್ದು ಹೋದಳು. ಹೋಗುವಾಗ ಬಿಟ್ಟುಹೋದ ಸಾಮಾನಿನಲ್ಲಿ ಈ ಬಳೆಯ ಪೆಟ್ಟಿಗೆ ಇತ್ತು. ಅವಳ ಹುಡುಗಿಗೆ ಯಾರೋ ಕೊಟ್ಟದ್ದಂತೆ, ಹುಡುಗಿ ಮುಟ್ಟಿಯೂ ನೋಡಿರಲಿಲ್ಲ. ಪೆಟ್ಟಿಗೆಯ ಮೇಲೆ ಒಂದು ಚಿತ್ರ. ಎರಡು ಕೈ, ಒಂದು ನೂಲು, ಬೆರಳಿನಿಂದ ಸುತ್ತುತ್ತಿರುವುದು. ನನಗೆ ಅದನ್ನು ನೋಡಿದ ಕೂಡಲೇ ತಲೆಯಲ್ಲಿ ದೀಪ ಹತ್ತಿತು. ನೂಲು, ಬೆರಳು, ಸುತ್ತು. ಇದು ನಮ್ಮದೇ ಕೆಲಸ. ನಾನು ಕಲಿತು ಅವಳ ಎದುರು ಕೂತು ಮಾಡಿದರೆ ಅವಳ ಕೈ ಸುಮ್ಮನಿರಲಾರದು. ವ್ಯಾಯಾಮ ಎಂಬ ಮಾತನ್ನೇ ಎತ್ತಬಾರದು ಎಂದು ತೀರ್ಮಾನಿಸಿ ಪೆಟ್ಟಿಗೆಯನ್ನು ಮನೆಗೆ ತಂದೆ.

ಅಲ್ಲಿಂದ ನನ್ನ ಗ್ರಹಚಾರ ಸುರುವಾಯಿತು.

ಉಲ್ಲನ್ ಹುಡುಕುವುದೇ ಒಂದು ಕೆಲಸವಾಯಿತು. ಮಡಂತ್ಯಾರಿನ ಫ್ಯಾನ್ಸಿ ಅಂಗಡಿಗಳಲ್ಲಿ ಬಾಗಿಲಿನ ತೋರಣ ಹೆಣೆಯುವ ಸಪೂರ ನೂಲು ಮಾತ್ರ ಇತ್ತು. ಅದನ್ನು ಸುತ್ತಿದರೆ ಮೀನಿನ ಬಲೆಯ ಹಾಗೆ ಕಾಣುತ್ತಿತ್ತು. ಕೊನೆಗೆ ಗುರುವಾಯನಕೆರೆಯಲ್ಲಿ ಬಸ್ಸು ಬದಲಿಸಿ ಮೂಡುಬಿದಿರೆಗೆ ಹೋದೆ. ಅಲ್ಲಿ ಒಂದು ಅಂಗಡಿಯಲ್ಲಿ ದಪ್ಪ ಉಲ್ಲನ್ ಸಿಕ್ಕಿತು. ಅಂಗಡಿಯವರು ಯಾವ ಊರಿಗೆ ಹೋಗಲಿಕ್ಕೆ ಉಂಟು, ಊಟಿಯಾ ಎಂದು ಕೇಳಿದರು. ಹೊರಗೆ ಮಾರ್ಚಿನ ಬಿಸಿಲು. ಆ ನೂಲಿನ ಉಂಡೆಗಳನ್ನು ಮಡಿಲಲ್ಲಿ ಇಟ್ಟುಕೊಂಡು ಬಸ್ಸಿನಲ್ಲಿ ಬೆವರುತ್ತ ಬಂದೆ.

ಮೊಬೈಲಿನಲ್ಲಿ ಕಲಿಸುವ ವಿಡಿಯೋಗಳಿದ್ದವು. ಒಬ್ಬಳು ಹೆಂಗಸು ಹಿಂದಿಯಲ್ಲಿ ಹೇಳಿಕೊಡುತ್ತಿದ್ದಳು, ಮುಖ ಕಾಣುವುದಿಲ್ಲ, ಉಗುರಿಗೆ ಬಣ್ಣ ಹಚ್ಚಿದ ಕೈ ಮಾತ್ರ. ನೂಲಿನ ತುದಿಯನ್ನು ಬದಿಯ ಮೊಳೆಗೆ ಕಟ್ಟು. ಪ್ರತಿ ಗೂಟದ ಹಿಂದಿನಿಂದ ತಂದು ಒಂದು ಸುತ್ತು ಹಾಕಿ ಮುಂದಿನದಕ್ಕೆ ಹೋಗು. ಹೀಗೆ ಎರಡು ಬಾರಿ ಸುತ್ತಿ ಬಂದರೆ ಪ್ರತಿ ಗೂಟದಲ್ಲಿ ಎರಡೆರಡು ಸುತ್ತು. ಈಗ ಕೆಳಗಿನ ಸುತ್ತನ್ನು ಕೊಕ್ಕೆಯಿಂದ ಎಬ್ಬಿಸಿ, ಮೇಲಿನದರ ಮೇಲಿಂದ ದಾಟಿಸಿ ಒಳಗೆ ಬೀಳಿಸು. ಮತ್ತೆ ಸುತ್ತು, ಮತ್ತೆ ಎಬ್ಬಿಸು. ಇಷ್ಟೇ. ಇಷ್ಟನ್ನು ಹೇಳುತ್ತ ಅವಳು ಮಧ್ಯೆ ಮಧ್ಯೆ ಢೀಲಾ, ಢೀಲಾ ಎನ್ನುತ್ತಿದ್ದಳು. ಸಡಿಲ ಇರಲಿ ಎಂದು ಅರ್ಥ.

ನಾನು ಸಡಿಲವಾಗಿಯೇ ಸುತ್ತಿದೆ ಎಂದುಕೊಂಡಿದ್ದೆ. ಕೊಕ್ಕೆ ಹಾಕಿ ಎಬ್ಬಿಸಲು ಹೋದರೆ ಸುತ್ತು ಗೂಟವನ್ನು ಕಚ್ಚಿಕೊಂಡಿತ್ತು. ಜೋರಾಗಿ ಎಳೆದೆ, ನೂಲು ಸೀಳಿತು. ಇನ್ನೊಂದನ್ನು ಎಳೆದೆ, ಕೊಕ್ಕೆ ಜಾರಿ ಹೆಬ್ಬೆರಳಿಗೆ ಚುಚ್ಚಿತು. ಎಲ್ಲ ಬಿಚ್ಚಿ ಎರಡನೆಯ ಸಲ ಸುತ್ತಿದೆ. ಮೊದಲ ಸಾಲು ಸರಿಯಾಯಿತು, ಎರಡನೆಯದೂ ಸಾಧಾರಣ ಆಯಿತು. ಮೂರನೆಯ ಸಾಲಿಗೆ ಬರುವಾಗ ಕೈ ತನ್ನಷ್ಟಕ್ಕೆ ಎಳೆಯತೊಡಗಿತ್ತು. ನಾನು ಎಳೆಯುತ್ತಿದ್ದೇನೆಂದು ನನಗೆ ಗೊತ್ತೇ ಆಗುತ್ತಿರಲಿಲ್ಲ. ಪ್ರತಿ ಗೂಟಕ್ಕೆ ಸುತ್ತು ಹಾಕಿದ ಕೂಡಲೇ ಬೀಡಿಯ ನೂಲಿಗೆ ಕೊಡುವ ಆ ಕೊನೆಯ ಎಳೆತ. ಮೂವತ್ತು ವರ್ಷ ಸಡಿಲ ಎಂಬ ಮಾತನ್ನು ಬೈಗುಳವಾಗಿ ಮಾತ್ರ ಕೇಳಿದವಳಿಗೆ ಈಗ ಯಾರೋ ಬಣ್ಣದ ಉಗುರಿನವಳು ಸಡಿಲ ಇರಲಿ ಎಂದರೆ ಕೈ ಕೇಳಬೇಕಲ್ಲ.

ನಾನು ಸೋಲುವವಳಲ್ಲ ಎಂದು ಹಲ್ಲು ಕಚ್ಚಿ ಕೂತೆ. ಹಿಡಿಸೂಡಿ ಪೊರಕೆಯಿಂದ ಒಂದು ಕಡ್ಡಿ ಎಳೆದು, ಪ್ರತಿ ಗೂಟದ ಪಕ್ಕದಲ್ಲಿ ಇಟ್ಟು ಎರಡನ್ನೂ ಸೇರಿಸಿ ಸುತ್ತಿದೆ. ಆಮೇಲೆ ಕಡ್ಡಿ ತೆಗೆದರೆ ಅಷ್ಟು ಜಾಗ ಉಳಿಯುತ್ತದೆ, ಸುತ್ತು ಸಡಿಲವಾಗುತ್ತದೆ. ಉಪಾಯ ಫಲಿಸಿತು. ಆದರೆ ಒಂದು ಸಾಲಿಗೆ ಇಪ್ಪತ್ತನಾಲ್ಕು ಸಲ ಕಡ್ಡಿ ಇಡಬೇಕು, ಇಪ್ಪತ್ತನಾಲ್ಕು ಸಲ ತೆಗೆಯಬೇಕು, ನಡುವೆ ಅದು ಮುರಿಯುತ್ತದೆ. ನಾಲ್ಕು ಬೆರಳು ಉದ್ದ ಹೆಣೆಯುವಷ್ಟರಲ್ಲಿ ವಾರ ಕಳೆಯಿತು. ಅದನ್ನು ಬಿಡಿಸಿ ನೋಡಿದರೆ ಅಂಚು ಸುರುಳಿ ಸುತ್ತಿಕೊಂಡಿತ್ತು. ಬಂಟ್ವಾಳದಲ್ಲಿರುವ ನನ್ನ ಮಗಳಿಗೆ ಫೋನ್ ಮಾಡಿ ಕೇಳಿದೆ. ಅವಳು ಎಲ್ಲೋ ಓದಿ ಹೇಳಿದಳು, ಅಂಚು ಸುರುಳದಿರಲು ಮೊದಲ ಕೆಲವು ಸಾಲುಗಳಲ್ಲಿ ಉಲ್ಟಾ ಹೆಣಿಗೆ ಹಾಕಬೇಕಂತೆ. ನೂಲನ್ನು ಸುತ್ತಿನ ಕೆಳಗೆ ಇಟ್ಟು, ಸುತ್ತಿನೊಳಗಿನಿಂದ ಕೊಕ್ಕೆ ಹಾಕಿ ಎಳೆದು, ಹಳೆಯದನ್ನು ಗೂಟದಿಂದ ಕಳಚಿ, ಹೊಸದನ್ನು ಅಲ್ಲಿಗೆ ಹಾಕುವುದು. ಸುತ್ತೇ ಗೂಟಕ್ಕೆ ಅಂಟಿಕೊಂಡಿರುವಾಗ ಅದರೊಳಗೆ ಕೊಕ್ಕೆ ಹೇಗೆ ಹೋಗಬೇಕು? ನಾನು ಹಾಗೆ ಕೇಳಿದ್ದಕ್ಕೆ ಮಗಳು, ಅಮ್ಮ ನೀವು ಸ್ವಲ್ಪ ಆರಾಮದಲ್ಲಿ ಮಾಡಿ, ಇದು ಹವ್ಯಾಸ ಅಲ್ವಾ ಎಂದಳು. ಆ ದಿನ ಬಳೆ ಮೊದಲ ಸಲ ಅಂಗಳಕ್ಕೆ ಹೋಯಿತು.

ದಿನಾ ಮಧ್ಯಾಹ್ನ ನಾನು ಅದನ್ನು ಹಿಡಿದುಕೊಂಡು ಬೇಲಿಯಾಚೆಯ ಅವಳ ಜಗಲಿಗೆ ಹೋಗುತ್ತಿದ್ದೆ. ಅವಳು ಗೋಡೆಗೆ ಒರಗಿ, ಬಲಗೈಯನ್ನು ಮಡಿಲಲ್ಲಿ ಇಟ್ಟುಕೊಂಡು ನೋಡುತ್ತಿದ್ದಳು. ಯಾರ ತಲೆಗೆ ಈ ಟೊಪ್ಪಿ ಎಂದು ಕೇಳಿದಳು. ಗಲ್ಫಿನಲ್ಲಿರುವ ನಿನ್ನ ಮೊಮ್ಮಗಳಿಗೆ, ಅಲ್ಲಿ ಶಾಲೆಯ ಬಸ್ಸಿನಲ್ಲಿಯೂ ಏಸಿ ಅಂತೆ, ಚಳಿಯಾಗುತ್ತದೆ ಎಂದು ಬಾಯಿಗೆ ಬಂದದ್ದು ಹೇಳಿದೆ. ನಂಬಿದಳೋ ಇಲ್ಲವೋ, ಕೈ ಮಾತ್ರ ಮುಂದೆ ಬರಲಿಲ್ಲ. ನೀನೂ ಒಂದು ಸುತ್ತು ಹಾಕು, ನನಗೆ ಆಗುವುದಿಲ್ಲ ಎಂದು ನಾಲ್ಕು ಸಲ ಹೇಳಿದೆ. ಅವಳು ಕೇಳದವರ ಹಾಗೆ ರಸ್ತೆ ನೋಡಿದಳು. ಅತ್ತ ಗುರುವಾರಗಳು ಒಂದೊಂದಾಗಿ ಕಳೆಯುತ್ತಿದ್ದವು. ಫಿಸಿಯೋ ತಮ್ಮ ಎರಡು ಬೆರಳು ಕೊಟ್ಟು ಒತ್ತಿ ಎನ್ನುತ್ತಿದ್ದರು. ಒತ್ತಿದ್ದು ಅವರಿಗೆ ಗೊತ್ತಾಗುತ್ತಿರಲಿಲ್ಲ. ಮನೆಯಲ್ಲಿ ಮಾಡಿಸ್ತೀರಲ್ಲ ಎಂದು ನನ್ನನ್ನು ಕೇಳುತ್ತಿದ್ದರು, ನಾನು ಹೂಂ ಎನ್ನುತ್ತಿದ್ದೆ.

ನಾಲ್ಕನೆಯ ತಿಂಗಳು ಸುರುವಾದಾಗ ನನ್ನ ತಾಳ್ಮೆ ಕೆಟ್ಟಿತು. ಕೊಕ್ಕೆ ಮೂರನೆಯ ಸಲ ಬೆರಳಿಗೆ ಚುಚ್ಚಿದ ಹೊತ್ತಿನಲ್ಲಿಯೇ ಅವಳು, ಸಾಕು ಅಕ್ಕ, ನಿಮಗೆ ಬರುವುದಿಲ್ಲ, ಬಿಟ್ಟುಬಿಡಿ ಎಂದಳು. ನಾನು ಸಿಡಿದೆ.

"ನನಗೆ ಟೊಪ್ಪಿ ಹೆಣೀಲಿಕ್ಕೆ ಮರ್ಲಾ, ಹುಚ್ಚಾ? ನಿನ್ನ ಬೆರಳು ಅಲ್ಲಾಡ್ಲಿ ಅಂತ ಇದೆಲ್ಲ ಮಾಡುವುದು. ನೀನು ನೋಡಿದ್ರೆ ರಾಣಿಯ ಹಾಗೆ ಕೂತಿದ್ದೀ."

ಅವಳು ಮೆಲ್ಲಗೆ ಹೇಳಿದಳು.

"ನನ್ನ ಕೈಯನ್ನು ರಿಪೇರಿ ಮಾಡ್ಲಿಕ್ಕೆ ಎಲ್ಲರೂ ಸಾಲಾಗಿ ಬರ್ತಾರೆ. ನೀವು ಓದ್ಲಿಕ್ಕೆ ಬರ್ತಿದ್ದವರು. ನೀವೂ ಅದಕ್ಕೇ ಬರುವುದಾದ್ರೆ ಬರುವುದು ಬೇಡ."

ನಾನು ಎದ್ದು ಬಂದೆ. ಬಳೆ ಎರಡನೆಯ ಸಲ ಅಂಗಳಕ್ಕೆ ಹೋದದ್ದು ಆಗಲೇ. ಅವಳ ಮೇಲಿನ ಸಿಟ್ಟೋ ನನ್ನ ಕೈಯ ಮೇಲಿನದೋ, ಬಿಡಿಸಿ ಹೇಳಲು ನನಗೆ ಬರುವುದಿಲ್ಲ. ಅವಳು ಹೇಳಿದ್ದು ಸತ್ಯ ಎಂಬುದೇ ಹೆಚ್ಚು ಚುಚ್ಚಿತ್ತು. ಲಕ್ವ ಹೊಡೆದಂದಿನಿಂದ ನಾನು ಅವಳ ಜಗಲಿಯಲ್ಲಿ ಒಂದು ಪುಟವನ್ನೂ ಓದಿರಲಿಲ್ಲ.

ಎಂಟು ದಿನ ಮಾತಿಲ್ಲ. ನಡುವೆ ಒಂದು ಗುರುವಾರ ಬಂತು. ಅವಳಾಗಿ ಕರೆಯಲಿ ಎಂದು ನಾನು ಕಾದೆ, ನಾನಾಗಿ ಬರಲಿ ಎಂದು ಅವಳು ಕಾದಳೋ ಏನೋ. ಸಂಜೆ ಅವಳ ಸೊಸೆ ಬೇಲಿಯ ಹತ್ತಿರ ಬಂದು, ಇವತ್ತು ಅತ್ತೆ ಬೆಳ್ತಂಗಡಿಗೆ ಹೋಗಲೇ ಇಲ್ಲ ಎಂದು ಹೇಳಿ ಹೋದಳು. ನನ್ನ ಹಟದಿಂದ ಅವಳ ಒಂದು ವಾರ ಹಾಳಾಗಿತ್ತು. ಆರು ತಿಂಗಳಲ್ಲಿ ಇನ್ನು ಉಳಿದದ್ದು ಎಷ್ಟು ವಾರ ಎಂದು ನನಗೆ ಬಾಯಿಪಾಠ ಇತ್ತು. ನಾಚಿಕೆಯಾಯಿತು.

ಮರುದಿನ ಒಂದು ಹಳೆಯ ವಾರಪತ್ರಿಕೆ ಮತ್ತು ಬಳೆ, ಎರಡನ್ನೂ ಹಿಡಿದುಕೊಂಡು ಹೋದೆ. ಜಗಲಿಯಲ್ಲಿ ಕೂತು ಓದಲು ಸುರುಮಾಡಿದೆ. ಅದು ಅರ್ಧದಲ್ಲಿ ಸಿಕ್ಕಿದ ಧಾರಾವಾಹಿ, ಹಿಂದಿನದು ಮುಂದಿನದು ಗೊತ್ತಿಲ್ಲ. ಆದರೂ ಅವಳು ಕೇಳಿದಳು. ಎರಡು ಪುಟ ಮುಗಿದ ಮೇಲೆ ಪತ್ರಿಕೆ ಮಡಚಿಟ್ಟು ಬಳೆ ತೆಗೆದುಕೊಂಡೆ. ಅವಳಿಗೆ ತೋರಿಸಲಿಕ್ಕಲ್ಲ, ಹಟಕ್ಕೆ. ಐದಾರು ಸುತ್ತು ಹಾಕಿರಬಹುದು.

"ಕೊಡಿ ಇಲ್ಲಿ. ಮುಂದೆ ಓದಿ," ಎಂದಳು.

ಎಡಗೈಯಲ್ಲಿ ಬಳೆಯನ್ನು ಮೊಣಕಾಲಿಗೆ ಒತ್ತಿ ಹಿಡಿದಳು. ಬಲಗೈಯ ತೋರುಬೆರಳು ಮತ್ತು ಹೆಬ್ಬೆರಳ ನಡುವೆ ನೂಲು ಇಟ್ಟಳು. ಅದು ಜಾರಿತು. ಮತ್ತೆ ಇಟ್ಟಳು. ನಾನು ಪತ್ರಿಕೆಯ ಮೇಲೆ ಕಣ್ಣಿಟ್ಟು ಓದುತ್ತಲೇ ಇದ್ದೆ, ಒಂದು ಅಕ್ಷರವೂ ನನ್ನ ತಲೆಗೆ ಹೋಗಲಿಲ್ಲ. ಇಪ್ಪತ್ತನಾಲ್ಕು ಗೂಟ ಮುಗಿಯುವಾಗ ಆ ಸಂಚಿಕೆಯ ಧಾರಾವಾಹಿ ಮುಗಿದು, ಅಡುಗೆಯ ಪುಟ ಮುಗಿದು, ನಾನು ರಾಶಿಫಲ ಓದುತ್ತಿದ್ದೆ. ಅವಳ ಹಣೆಯಲ್ಲಿ ಬೆವರು.

ಬಳೆಯನ್ನು ನನ್ನ ಕಡೆ ನೂಕಿದಳು. ನಾನು ಕೊಕ್ಕೆ ಹಾಕಿದೆ. ಸುತ್ತು ಸುಮ್ಮನೆ ಎದ್ದು ಬಂತು. ಮುಂದಿನದೂ ಬಂತು. ಒಂದು ಸಾಲು ಪೂರ್ತಿ, ಎಲ್ಲಿಯೂ ಸಿಕ್ಕಿಕೊಳ್ಳದೆ, ವಿಡಿಯೋದ ಹೆಂಗಸಿಗೆ ಬರುವ ಹಾಗೆಯೇ ಬಂತು. ಬಲವಿಲ್ಲದ ಕೈ ಎಳೆಯಲಿಲ್ಲ, ಎಳೆಯದ ಸುತ್ತು ಬಳೆಗೆ ಸರಿಯಾಯಿತು. ನನಗೆ ಸಂತೋಷವಾಗಬೇಕಿತ್ತು. ಆಯಿತು ಕೂಡ, ಆದರೆ ಮೊದಲು ಬಂದದ್ದು ಹೊಟ್ಟೆಕಿಚ್ಚು. ಎರಡು ತಿಂಗಳು ನಾನು ಬೆರಳಿಗೆ ಚುಚ್ಚಿಸಿಕೊಂಡು ಸತ್ತರೂ ಬಾರದ್ದು ಇವಳಿಗೆ ಮೊದಲ ದಿನವೇ ಬಂತಲ್ಲ ಎಂದು.

ಸುಲಭ ಆಯಿತಲ್ಲ ಎಂದು ಅವಳು ಕೇಳಿದಳು. ಸಡಿಲ ಉಂಟು, ಅದಕ್ಕೆ ಸುಲಭ ಎಂದು ನಾನು ಹೇಳಿಬಿಟ್ಟೆ. ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಅವಳು ತನ್ನ ಬೆರಳುಗಳನ್ನು ನೋಡಿಕೊಂಡು, ಬ್ರಾಂಚಿನಲ್ಲಾದರೆ ಒಡೆದು ಬಿಸಾಡುತ್ತಿದ್ದರು ಎಂದಳು. ನಗಲಿಲ್ಲ.

ಹಾಗೆ ನಮ್ಮ ಕೆಲಸ ಹಂಚಿಕೆಯಾಯಿತು. ಸುತ್ತುವುದು ಅವಳು, ಎಬ್ಬಿಸುವುದು ನಾನು, ನಡುವೆ ಓದು. ಚಂದವಾಗಿ ನಡೆಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಒಂದೊಂದು ದಿನ ಅವಳು ಮೂರು ಗೂಟ ಸುತ್ತಿ ಬಳೆಯನ್ನು ನೂಕಿಬಿಡುತ್ತಿದ್ದಳು. ಒಂದು ದಿನ ಸುತ್ತುವ ದಿಕ್ಕು ತಪ್ಪಿ ಅರ್ಧ ಸಾಲು ಉಲ್ಟಾ ಹೋಯಿತು, ಬಿಚ್ಚಲು ಹೋಗಿ ನಾನು ಇನ್ನೂ ಎರಡು ಸಾಲು ಹಾಳುಮಾಡಿದೆ. ನನ್ನ ಕೊಕ್ಕೆಯಿಂದ ಸುತ್ತು ತಪ್ಪಿ ಬಿದ್ದರೆ ಅವಳು ಬ್ಯಾರಿಯಲ್ಲಿ ಬೈಯುತ್ತಿದ್ದಳು, ನಾನು ತುಳುವಿನಲ್ಲಿ ಬೈಯುತ್ತಿದ್ದೆ. ಅವಳ ಸೊಸೆ ಒಳಗಿನಿಂದ ಬಂದು, ಇದು ಟೊಪ್ಪಿಯಾ ಜಗಳವಾ ಎಂದು ಕೇಳಿದ್ದುಂಟು. ಟೊಪ್ಪಿ ಒಂದು ಗೇಣು ಇಳಿಯಿತು. ಬೆಳ್ತಂಗಡಿಯಲ್ಲಿ ಮಾತ್ರ ಏನೂ ಬದಲಾಗಲಿಲ್ಲ. ಫಿಸಿಯೋ ಬೆರಳು ಕೊಡುವುದು, ಒತ್ತಿ ಎನ್ನುವುದು, ಪರವಾಗಿಲ್ಲ, ಮಾಡ್ತಾ ಇರಿ ಎನ್ನುವುದು. ಆ ಪರವಾಗಿಲ್ಲ ಕೇಳಿದರೆ ನನಗೆ ಮೈ ಉರಿಯುತ್ತಿತ್ತು. ಐದನೆಯ ತಿಂಗಳು ಮುಗಿಯಿತು. ಮೊದಲ ಮಳೆ ಬಂದು, ಉಲ್ಲನ್ ನೂಲು ಮುಗ್ಗಲು ವಾಸನೆ ಹಿಡಿಯಿತು. ಸುಮ್ಮನೆ ಇಬ್ಬರೂ ಹೊತ್ತು ಕಳೆಯುತ್ತಿದ್ದೇವೆ ಎಂದು ನನಗೆ ಒಳಗೊಳಗೆ ಅನಿಸತೊಡಗಿತ್ತು, ಅವಳಿಗೂ ಅನಿಸಿರಬೇಕು. ಇಬ್ಬರೂ ಹೇಳಲಿಲ್ಲ.

ಒಂದು ಬುಧವಾರ ಮಧ್ಯಾಹ್ನ ಅವಳು ಸುತ್ತಿ ಕೊಟ್ಟ ಸಾಲನ್ನು ನಾನು ಎಬ್ಬಿಸುತ್ತಿದ್ದೆ. ಆ ದಿನ ಕೊಕ್ಕೆ ಅಲ್ಲಲ್ಲಿ ತಡೆಯುತ್ತಿತ್ತು. ಸೆಕೆ, ಬೆವರು, ನೂಲು ಅಂಟುತ್ತಿದೆ ಎಂದುಕೊಂಡೆ. ತುಳಸಿಕಟ್ಟೆಗೆ ಬಡಿದು ಸಡಿಲವಾಗಿದ್ದ ಆ ಗೂಟಕ್ಕೆ ಬಂದಾಗ ಸುತ್ತು ಏಳಲೇ ಇಲ್ಲ. ಎಳೆದೆ, ಗೂಟವೇ ಬಾಗಿ ಬಂತು, ಸುತ್ತು ಬರಲಿಲ್ಲ. ಮತ್ತೆ ಎಳೆದೆ, ಕೊಕ್ಕೆ ಜಾರಿ ಅದೇ ಹೆಬ್ಬೆರಳಿಗೆ ಚುಚ್ಚಿತು. ಇಷ್ಟು ದಿನದ ಸಿಟ್ಟೆಲ್ಲ ಒಟ್ಟಿಗೆ ಬಂತು.

"ಎಂತ ಮಾರಾಯ್ತಿ ಇದು, ಬೀಡಿ ಕಟ್ಟಿದ ಹಾಗೆ ಎಳೆದದ್ದು? ಹೀಗೆ ಬಿಗಿದರೆ ನಾನು ಹೇಗೆ ಎಬ್ಬಿಸುವುದು?"

ತಲೆ ಎತ್ತಿ ನೋಡಿದೆ. ಅವಳು ನನ್ನನ್ನು ನೋಡುತ್ತಿರಲಿಲ್ಲ, ಗೂಟವನ್ನು ನೋಡುತ್ತಿದ್ದಳು.

"ಯಾವುದು?" ಎಂದಳು.

"ಇದು. ನೋಡು, ಅಲ್ಲಾಡುವುದೇ ಇಲ್ಲ."

ಅವಳು ಬಲಗೈಯ ತೋರುಬೆರಳು ಚಾಚಿ ಆ ಸುತ್ತನ್ನು ಮುಟ್ಟಿದಳು. ಉಗುರಿನಿಂದ ಮೀಟಿದಳು. "ಅದು ನಾನು ಎಳೆದದ್ದಾ?" ಎಂದು ಕೇಳಿದಳು.

ಆಗ ನನಗೆ ಹೊಳೆಯಿತು. ಬಳೆಯಿಂದ ಕೆಳಗೆ ಇಳಿದಿದ್ದ ಹೆಣಿಗೆಯನ್ನು ಬೆಳಕಿಗೆ ಹಿಡಿದು ನೋಡಿದೆ. ಕೆಳಗೆ, ಮೊದಲ ವಾರಗಳದ್ದು, ಬೆರಳು ತೂರುವಷ್ಟು ದೊಡ್ಡ ಕಣ್ಣುಗಳು. ಮೇಲೆ ಬರುತ್ತ ಬರುತ್ತ ಕಣ್ಣು ಸಣ್ಣದಾಗಿತ್ತು. ಬಳೆಯ ಹತ್ತಿರದ ನಾಲ್ಕೈದು ಸಾಲು ಒತ್ತೊತ್ತಾಗಿ, ಬೆಳಕೂ ದಾಟದ ಹಾಗಿತ್ತು. ಟೊಪ್ಪಿ ಕೆಳಗೆ ಅಗಲ, ಮೇಲೆ ಬಿಗಿಯಾಗಿ ಕತ್ತು ಹಿಚುಕಿದಂತೆ ಇತ್ತು. ಯಾವ ತಲೆಗೂ ಆಗುವಂಥದ್ದ‌ಲ್ಲ. ನಾನು ಇಷ್ಟು ದಿನ ಸಾಲು ಸಾಲಾಗಿ ಅದನ್ನು ಎಬ್ಬಿಸಿದವಳು, ಒಂದು ದಿನವೂ ನೋಡಿರಲಿಲ್ಲ. ಕುರುಡಿ ಎಂದು ನನ್ನನ್ನೇ ಬೈದುಕೊಂಡೆ. ಕಣ್ಣು ತುಂಬಿತು, ಒರೆಸಿಕೊಳ್ಳೋಣವೆಂದರೆ ಕೈಯಲ್ಲಿ ಕೊಕ್ಕೆ ಇತ್ತು.

ಇನ್ನೊಮ್ಮೆ ಎಳೆದು ನೋಡಲು ಹೋದಾಗ ಅವಳು ನನ್ನ ಕೈಯನ್ನು ತಡೆದಳು.

"ಎಬ್ಬಿಸಬೇಡಿ. ಅದು ಹಾಗೇ ಇರ್ಲಿ. ನಾಳೆ ಅವರಿಗೆ ತೋರಿಸುವ."

ಮರುದಿನ ಬೆಳ್ತಂಗಡಿಯಲ್ಲಿ ಫಿಸಿಯೋ ಎಂದಿನ ಹಾಗೆ ಎರಡು ಬೆರಳು ಮುಂದೆ ಚಾಚಿದರು. ಅವಳು ಆ ಬೆರಳನ್ನು ಮುಟ್ಟಲಿಲ್ಲ. ಚೀಲದಿಂದ ಬಳೆ ತೆಗೆದು ಮೇಜಿನ ಮೇಲೆ ಇಟ್ಟು, ಕೊಕ್ಕೆ ಅವರ ಕೈಗೆ ಕೊಟ್ಟು, ಇದನ್ನು ಸ್ವಲ್ಪ ಎಬ್ಬಿಸಿ ಕೊಡಿ ಎಂದಳು. ಅವರಿಗೆ ಏನೆಂದು ತಿಳಿಯಲಿಲ್ಲ, ಆದರೂ ಎಳೆದರು. ಕುರ್ಚಿಯಿಂದ ಸ್ವಲ್ಪ ಎದ್ದು ಎಳೆದರು. ನೂಲು ಜಗ್ಗಲಿಲ್ಲ. ಅವರು ಕೊಕ್ಕೆ ಕೆಳಗಿಟ್ಟು, ಇದನ್ನು ಯಾರು ಸುತ್ತಿದ್ದು ಎಂದು ನನ್ನನ್ನು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಅವಳು ಬಲಗೈ ಎತ್ತಿದಳು. ಶಾಲೆಯಲ್ಲಿ ಹಾಜರಿ ಕರೆಯುವಾಗ ಎತ್ತುವ ಹಾಗೆ.

ಬಸ್ ಸ್ಟ್ಯಾಂಡಿಗೆ ಬರುವ ದಾರಿಯಲ್ಲಿ ಅವಳು ಹೇಳಿದಳು, ಇನ್ನು ಈ ಟೊಪ್ಪಿ ಮುಗಿಯಲಿಕ್ಕಿಲ್ಲ ಅಕ್ಕ, ಇಷ್ಟು ದಿನ ಬಿಗಿ ಎಳೆಯುವ ನಿಮ್ಮ ಕೈ ಇದಕ್ಕೆ ಆಗುತ್ತಿರಲಿಲ್ಲ, ಇನ್ನು ನನ್ನದೂ ಆಗುವುದಿಲ್ಲ ಎಂದು. ಇಷ್ಟು ತಿಂಗಳ ಕೆಲಸ, ಮೂಡುಬಿದಿರೆಯ ಉಲ್ಲನ್, ನನ್ನ ಹೆಬ್ಬೆರಳಿನ ತೂತುಗಳು, ಎಲ್ಲ ನೀರುಪಾಲು ಎಂದೆ. ಹೌದು ಎಂದಳು. ನಮ್ಮ ಬಸ್ಸು ನಿಂತಿತ್ತು. ನಾನು ಹತ್ತಲು ಹೋದರೆ ಅವಳು ಬರಲಿಲ್ಲ. ಎದುರಿನ ಹೋಟೆಲಿನ ಕಡೆ ನೋಡುತ್ತ ನಿಂತಿದ್ದಳು.

"ಊಟ ಮಾಡಿ ಹೋಗುವ," ಎಂದಳು.

ಕುಚ್ಚಲಕ್ಕಿ ಅನ್ನ, ಬಂಗುಡೆ ಸಾರು. ಮಧ್ಯಾಹ್ನದ ಹೊತ್ತು, ಹೋಟೆಲ್ ತುಂಬ ಜನ. ಅವಳು ಬಲಗೈ ತೊಳೆದುಕೊಂಡು ಬಂದು ಕೂತಳು. ಮೊದಲ ತುತ್ತು ಬಾಯಿಗೆ ಮುಟ್ಟುವ ಮೊದಲೇ ಅರ್ಧ ಮೇಜಿಗೆ ಬಿತ್ತು. ಎರಡನೆಯದು ಸೀರೆಗೆ. ನಾನು ಮೀನಿನ ಮುಳ್ಳು ತೆಗೆದು ಕೊಡಲು ಕೈ ಚಾಚಿದೆ. ಅವಳು ಎಡಗೈಯಿಂದ ನನ್ನ ಕೈಗೆ ಒಂದು ಪೆಟ್ಟು ಕೊಟ್ಟಳು. ಮುಳ್ಳನ್ನು ಒಂದೊಂದಾಗಿ ಹುಡುಕಿ, ಎರಡು ಬೆರಳಿನಲ್ಲಿ ಹಿಡಿದು, ಜಾರಿದರೆ ಮತ್ತೆ ಹಿಡಿದು, ತಟ್ಟೆಯ ಅಂಚಿಗೆ ಸಾಲಾಗಿ ಇಟ್ಟಳು. ನನ್ನ ಊಟ ಎಂದೋ ಮುಗಿದು ಕೈ ಒಣಗಿತ್ತು. ಕಿಟಕಿಯಲ್ಲಿ ನಮ್ಮ ಬಸ್ಸು ಹೋದದ್ದು ಕಂಡಿತು, ಅದರ ಮುಂದಿನದೂ ಹೋಯಿತು. ಬೇಗ ಮುಗಿಸು ಮಾರಾಯ್ತಿ, ಮನೆಯಲ್ಲಿ ಕೆಲಸ ಉಂಟು ಎಂದು ನಾನು ಗೊಣಗಿದೆ. ಅವಳು ತಲೆ ಎತ್ತಲಿಲ್ಲ. ಇನ್ನೂ ಸ್ವಲ್ಪ ಅನ್ನ ಹಾಕಿಸಿಕೊಂಡಳು.